ಮೊದಲು ದೀಪ ಮಿಣುಕಿಸು

ತ್ಬಿಲಿಸಿಯಿಂದ ಅಂಚೆಯಲ್ಲಿ ಬಂತು,
ಬೆಂಕಿಪೆಟ್ಟಿಗೆಗಿಂತ ಸಣ್ಣದು, ಅದೂ ಜೋಡಿ.
ತುದಿಯಲ್ಲಿ ಹಾವು ಹರಿದಂತೆ ತಾಮ್ರದ ಗೆರೆ:
ಅದೇ ಆಂಟೆನಾ ಅಂತೆ.
ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು ನಾನು,
ಇಷ್ಟು ಚಿಕ್ಕ ನದಿಯನ್ನು ಯಾವ ನಕ್ಷೆಯಲ್ಲೂ ಕಂಡಿರಲಿಲ್ಲ.

ಮೊದಲ ಪಾಠ: ದೀಪ ಮಿಣುಕಿಸು.
ಕೇಬಲ್ ಚುಚ್ಚಿದೆ. ಕೆಂಪು ದೀಪ ಹತ್ತಿತು,
ಕಂಪ್ಯೂಟರ್ ಮಾತ್ರ ಯಾರು ನೀನು ಎಂದೂ ಕೇಳಲಿಲ್ಲ.
ಎರಡು ಸಂಜೆ ಹೋದವು.
ಪಕ್ಕದ ಮನೆಯ ವಾಝಾ ಸೇಬು ಕಚ್ಚುತ್ತ ಬಂದು ನಕ್ಕ:
"ಎತೆರಿ ಟೀಚರ್, ಇದು ಊಟ ಬಡಿಸುವ ತಂತಿ,
ಮಾತಾಡುವುದಲ್ಲ."
ಬೇರೆ ತಂತಿ. ಬೂಟ್ ಗುಂಡಿ ಒತ್ತಿ ಹಿಡಿದು, ಬಿಟ್ಟೆ.
ನೀಲಿ ದೀಪ. ಆರಿತು. ಹತ್ತಿತು.
ಅಷ್ಟೇ, ಮತ್ತೇನೂ ಮಾಡುವುದಿಲ್ಲ ಅದು.
ಓತಿಯಾ ಕನ್ನಡಕದ ಮೇಲಿಂದ ನೋಡಿ
"ಇದಕ್ಕಾ ಎರಡು ಗಡ್ಡೆ ಚೀಸ್ ಮಾರಿದ್ದು?" ಎಂದ.

ಆಮೇಲೆ ಅದರ ಬಾಯಿ ಬಿಡಿಸಿದೆ. ಪರದೆಯ ತುಂಬ
ತಲೆಕೆಳಗಾದ ಪ್ರಶ್ನೆಚಿಹ್ನೆ, ಚೌಕ, ಗೀಟು.
ತಪ್ಪು ಅದರದಲ್ಲ: ಅದು ಹೇಳುವ ವೇಗಕ್ಕೆ
ನಾನು ಕೇಳುವ ವೇಗ ಹೊಂದಿರಲಿಲ್ಲ.
ಸರಿಮಾಡಿದೆ. "ಗಾಮರ್ಜೋಬಾ" ಎಂದಿತು,
ನಾನೇ ಬರೆದುಕೊಟ್ಟಿದ್ದ ನಮಸ್ಕಾರ.
ಆದರೂ ಎದ್ದು ನಿಂತೆ.

ಯಾಕೆ ಇದೆಲ್ಲ ಎಂದು ಯಾರಿಗೂ ಹೇಳಿರಲಿಲ್ಲ.

ನಮ್ಮ ನೆಲಮನೆಯಲ್ಲಿ ನಾಲ್ಕು ಕ್ವೆವ್ರಿ,
ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತ ಆಳೆತ್ತರದ ಗುಡಾಣಗಳು.
ದ್ರಾಕ್ಷಿ ಸಿಪ್ಪೆ ಬೀಜ ಸಮೇತ ಅಲ್ಲೇ ಕುದಿಯುತ್ತದೆ, ಬೆಂಕಿಯಿಲ್ಲದೆ.
ಅತ್ತೆ ದಾರೆಜಾನ್ ಅರವತ್ತು ಸುಗ್ಗಿ
ಅವುಗಳ ಬಾಯಿಗೆ ಕಿವಿಯಿಟ್ಟು ಹೇಳಿದ್ದಾಳೆ:
ಇದು ಅವಸರದ್ದು, ಇದು ಸೋಮಾರಿ, ಇದನ್ನು ಈಗಲೇ ಕೆದಕಿ.
ಕಳೆದ ಸಲವೂ ಕಿವಿಯಿಟ್ಟಳು, ತಲೆಯಾಡಿಸಿದಳು.
ಎರಡನೆಯದು ಹುಳಿಯಾಯಿತು.
ಓತಿಯಾ ಹವೆಗೆ ಬೈದ. ನಾನೂ ಹವೆಗೇ ಬೈದೆ.
ಅವಳ ಬೆನ್ನ ಹಿಂದೆ ಬಾಂಡಲಿ ಬಿದ್ದಾಗ
ಅವಳು ತಿರುಗಿರಲಿಲ್ಲ.

ಉಷ್ಣತೆಯ ಕಡ್ಡಿಯನ್ನು ಮೂರನೆಯದಕ್ಕೆ ಇಳಿಬಿಟ್ಟೆ.
ಮೈನಸ್ ನೂರ ಇಪ್ಪತ್ತೇಳು ಡಿಗ್ರಿ ಎಂದಿತು ಬೋರ್ಡು,
ಕಾಖೇತಿಯ ಅಕ್ಟೋಬರಿನಲ್ಲಿ!
ಸತ್ಯದ ತಲೆಯ ಮೇಲೆ ಹೊಡೆದಂಥ ಸುಳ್ಳು.
ಗೆರೆಯನ್ನು ಎತ್ತಿ ಹಿಡಿಯಲು ನಡುವೆ ಒಂದು ರೆಸಿಸ್ಟರ್ ಬೇಕಂತೆ.
ಅಂಗಡಿ ತೆಲಾವಿಯಲ್ಲಿ, ಅಂದು ಭಾನುವಾರ.
ಮಾವನ ಸತ್ತ ರೇಡಿಯೊ ಬಿಚ್ಚಿದೆ.
ಧೂಳಲ್ಲಿ ಕೆಂಪು ಅಕ್ಕಿಕಾಳಿನಂಥವು,
ಒಂದರ ಹೊಟ್ಟೆಯ ಮೇಲೆ ಇನ್ನೂ ಓದಬಹುದು:
ನಾಲ್ಕು, ಕೆ, ಏಳು.
ಮಾಸ್ಕೋದ ಹವಾ ವರದಿ ಹೇಳಿಸುತ್ತಿದ್ದ ಚೂರು
ಈಗ ಗುಡಾಣವನ್ನು ಮಾತಾಡಿಸಿತು:
ಇಪ್ಪತ್ತಾರು ಪಾಯಿಂಟ್ ಎರಡು.

ತಂತಿಯಿಲ್ಲದೆ ಕಳಿಸುವುದು ಕೊನೆಯ ಪಾಠ.
ಒಂದು ಬೋರ್ಡು ಕ್ವೆವ್ರಿಯ ಬಾಯಲ್ಲಿ, ಉಪ್ಪಿನಕಾಯಿ ಜಾಡಿಯೊಳಗೆ,
ಇನ್ನೊಂದು ಮನೆಯಲ್ಲಿ. ನಡುವೆ ಅಂಗಳ, ಒಂದು ವಾಲ್ನಟ್ ಮರ,
ಮೊಳದಪ್ಪದ ಕಲ್ಲುಗೋಡೆ.
ಗೋಡೆ ದಾಟಲಿಲ್ಲ. ಕಿಟಕಿಗೆ ತಂದೆ, ದಾಟಿತು.
ಎಲೆ ಒದ್ದೆಯಾದ ರಾತ್ರಿ ತಡವರಿಸಿತು.

ದಾರೆಜಾನ್ ಬಂದಳು. ಪರದೆಯ ಅಂಕಿ ತೋರಿಸಿದೆ.
ಅಂಕಿ ಅವಳಿಗೆ ಬೇಡ.
"ಮೊದಲ ದಿನ ಮಿಣುಕುತ್ತಿತ್ತಲ್ಲ, ಅದನ್ನೇ ಮಾಡು,"
ಎಂದಳು, ಬೇಕಾದ್ದಕ್ಕಿಂತ ಜೋರಾಗಿ.
ನನಗೆ ಗೊತ್ತೆಂದು ಅವಳಿಗೆ ಯಾವಾಗ ಗೊತ್ತಾಯಿತೋ.
ಬಿಸಿ ಏರಿದರೆ ಬೇಗ, ಇಳಿದರೆ ನಿಧಾನ:
ಹನ್ನೊಂದು ಸಾಲಿನ ಕೆಲಸ. ಒಂದು ಅರ್ಧವಿರಾಮ ಮರೆತು
ಮಧ್ಯಾಹ್ನವಿಡೀ ಹೋಯಿತು.

ಈಗ ಅದು ಅವಳ ಮಂಚದ ಪಕ್ಕ, ಹಲ್ಲುಸೆಟ್ಟಿನ ಲೋಟದ ಬಳಿ.
ನಡುರಾತ್ರಿ ನೀರಿಗೆಂದು ಎದ್ದವಳು ಕಂಡೆ:
ನೀಲಿ, ಕತ್ತಲು, ನೀಲಿ, ನೀಲಿ.
ಅವಳ ಬೆರಳು ಹೊದಿಕೆಯ ಮೇಲೆ ತಾಳ ಹಾಕುತ್ತಿತ್ತು.
ನೆಲದ ಹಲಗೆ ಅಲುಗಿದ್ದು ತಿಳಿದಿರಬೇಕು,
"ಮೂರನೆಯದಲ್ಲವಾ ಇದು?" ಎಂದಳು ತಿರುಗದೆ.
ಹೌದೆಂದೆ. ಕೇಳಿಸದೆಂದು ನೆನಪಾಗಿ
ಭುಜ ಮುಟ್ಟಿದೆ.
"ಎಬ್ಬಿಸು ಅವನನ್ನ," ಎಂದಳು. "ಕೆದಕಬೇಕು."