ದಾರಿ ಬಿಡಿಸುವವನು

ತೋರಣಗಲ್ಲಿನ ವಿಮಾನ ನಿಲ್ದಾಣಕ್ಕೆ ಹೊರಟಾಗ
ಎರ್ರೆಮ್ಮ ಅಂಗಿಯ ಜೇಬಿಗೆ ನಿಂಬೆಹಣ್ಣು ತುರುಕಿದಳು.
"ಹಿಡ್ಕಣಾಕ ಏನೂ ಇರಂಗಿಲ್ಲಲ್ಲ ಅಲ್ಲಿ" ಅಂದಳು.

ಹದಿನೇಳು ವರ್ಷ ಕ್ರೇನು ಓಡಿಸಿದ್ದೇನೆ
ಕುಡಿತಿನಿಯಿಂದ ಹೊಸಪೇಟೆವರೆಗೆ, ರಾತ್ರಿಪಾಳಿ.
ಒಂದು ದಿನವೂ ನಿಂಬೆಹಣ್ಣು ಕೊಟ್ಟವಳಲ್ಲ.
ಬುತ್ತಿ ಕೊಟ್ಟಳು.
ಉಳ್ಳಾಗಡ್ಡಿ ಮರೆತರೆ ಓಣಿ ತುದಿಗೆ ಬಂದು ಕೂಗಿದಳು.

ಅದಿರಿನ ಲಾರಿ ಮಗುಚಿದರೆ ಫೋನು ನನಗೆ.
ಕೊಕ್ಕೆ ಹಾಕು, ಎಳೆ, ಪಕ್ಕಕ್ಕೆ ಸರಿಸು.
ಕೆಂಪು ಧೂಳಿನಲ್ಲಿ ಯಾವುದು ಅದಿರು, ಯಾವುದು ಅಲ್ಲ,
ಬೆಳಕು ಹರಿಯುವ ತನಕ ತಿಳಿಯದು.
ಪುಸ್ತಕದಲ್ಲಿ ಬರೆಯುತ್ತೇನೆ: ತಾರೀಖು, ಗಾಡಿ ನಂಬರು, ಬಾಡಿಗೆ.
ಹೆಸರಿಗೆ ಅದರಲ್ಲಿ ಕಾಲಂ ಇಲ್ಲ.
ಈಗ ಒಂಬತ್ತನೇ ಪುಸ್ತಕ.

ಹೊಸ ಕ್ರೇನು ಕಲಿತು ಬಾ ಎಂದು
ಸಾಹುಕಾರ ಕೊಡಿಸಿದ ಹೈದರಾಬಾದಿನ ಟಿಕೆಟು.
ಗಗನಸಖಿ ಪಟ್ಟಿ ಬಿಗಿಯುವುದನ್ನು ತೋರಿಸಿದಳು.
ನಾನೊಬ್ಬನೇ ನೋಡಿದೆ.
ಚಾಕುವಿನಿಂದ ಎಷ್ಟೋ ಪಟ್ಟಿ ಕತ್ತರಿಸಿದವನು;
ಅದಕ್ಕಿಂತ ಹೆಚ್ಚು ಕಂಡವನು,
ಕಾರು ಕಿರುಚದಿರಲೆಂದು ಬೆನ್ನ ಹಿಂದೆ ಸಿಕ್ಕಿಸಿಟ್ಟ
ಸುಕ್ಕೇ ಬೀಳದ ಪಟ್ಟಿಗಳನ್ನು.

ಮೇಲೇರುವಾಗ ಅಂಗೈ ಬೆವರಿತು, ಸುಳ್ಳು ಯಾಕೆ.
ಆಕಾಶಕ್ಕೆ ಕ್ರೇನು ಇಲ್ಲ.

ಪಕ್ಕದ ಹುಡುಗ, ಉಕ್ಕಿನ ಕಾರ್ಖಾನೆಯವನು, ಅಂದ:
"ಒಂದು ವಿಮಾನ ಬಿದ್ದರೆ ವರ್ಷಗಟ್ಟಲೆ ಕಾರಣ ಹುಡುಕುತ್ತಾರಣ್ಣ.
ಒಂದು ನಟ್ಟು ಸಡಿಲಿತ್ತು ಅಂತ ಗೊತ್ತಾದರೆ
ಲೋಕದ ವಿಮಾನಗಳಲ್ಲೆಲ್ಲ ಆ ನಟ್ಟು ಬಿಗಿಯುತ್ತಾರೆ."

ನಾನು ಕಿಟಕಿಯತ್ತ ತಿರುಗಿದೆ.
ದರೋಜಿ ಕೆರೆ ಬೊಗಸೆಯಷ್ಟು.
ಆಚೆಗೆ ದಾರದೆಳೆಯಂತೆ ನಮ್ಮ ರಸ್ತೆ,
ಇಷ್ಟು ತೆಳ್ಳಗಿದೆಯೆಂದು ಗೊತ್ತಿರಲಿಲ್ಲ.
ಹಳ್ಳದ ತಿರುವೊಂದರಲ್ಲೇ ಹನ್ನೊಂದು ಸಲ ಎಳೆದಿದ್ದೇನೆ;
ಹನ್ನೆರಡನೆಯದಕ್ಕೆ ಹಗ್ಗ ಶೆಡ್ಡಿನಲ್ಲಿ ಸಿದ್ಧ.
ಯಾಕೆ ಇಲ್ಲೇ, ಎಂದು ಯಾರೂ ಕೇಳಲಿಲ್ಲ.
ನಾನೂ ಕೇಳಲಿಲ್ಲ.
ಹಿಂದೆ ನೂರು ಗಾಡಿ ಹಾರನ್ನು ಹೊಡೆಯುತ್ತಿರುತ್ತವೆ.
ನನ್ನ ಕೆಲಸ ಕಾರಣ ಹುಡುಕುವುದಲ್ಲ,
ದಾರಿ ಬಿಡಿಸುವುದು.

ನಾಲ್ಕನೇ ದಿನ ಮರಳಿ ಇಳಿದೆ.
ಗೇಟಿನ ಹೊರಗೆ ಬೈಕಿನ ಮೇಲೆ ಭಾವಮೈದ ಮಾರೆಪ್ಪ,
ಅವನ ಬೆನ್ನಿಗೆ ಎರ್ರೆಮ್ಮ,
ಅವಳ ಹಿಂದೆ ನನಗೆಂದು ಗೇಣುದ್ದ ಜಾಗ.
"ನೆಲಕ್ಕೆ ಬಂದ್ಯಲ್ಲ, ಇನ್ನೇನು ಅಂಜಿಕಿ" ಎಂದು ನಕ್ಕು
ನಿಂಬೆಹಣ್ಣು ಈಸಿಕೊಂಡು ಜಾಲಿಗಿಡಕ್ಕೆ ಎಸೆದಳು.

ಹೆದ್ದಾರಿಗೆ ಏರಿದೆವು.
ಅದಿರಿನ ಲಾರಿಯೊಂದು ಬೆನ್ನ ಹಿಂದೆ ದೀಪ ಮಿನುಗಿಸಿತು.
ನನ್ನ ಕೈಗಳೆರಡೂ
ಸೊಂಟದ ಅತ್ತ, ಸೊಂಟದ ಇತ್ತ
ಏನನ್ನೋ ತಡಕುತ್ತಿದ್ದವು.