ಹದಿನಾರು ಮನೆ

ಮಂಗಳೂರಿನಿಂದ ಬಂತು, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ,
ಸೆಕೆಂಡ್ ಹ್ಯಾಂಡ್ ಸ್ಯಾಂಪ್ಲರ್.
ನಾಲ್ಕು ಸಾಲು, ಸಾಲಿಗೆ ನಾಲ್ಕು ರಬ್ಬರಿನ ಮನೆ,
ಚೌಕಾಬಾರದ ಹಾಗೆ; ಕವಡೆ ಮಾತ್ರ ಇಲ್ಲ.
ಹನ್ನೊಂದನೆಯದು ಸವೆದಿತ್ತು.
ಯಾರೋ ಅಲ್ಲೇ ಬಹಳ ಒತ್ತಿದ್ದಾರೆ,
ಯಾವ ಸದ್ದಿಗೋ. ಅಳಿಸಿ ಕೊಟ್ಟಿದ್ದರು.

ಇಪ್ಪತ್ತೆರಡು ವರ್ಷ ಸೈಡ್ ಡ್ರಮ್ ಹೊಡೆದವಳು ನಾನು,
ಗುಲ್‌ಮೊಹರ್ ಬ್ಯಾಂಡ್ ಸೆಟ್, ಪೆನ್ಷನ್ ಮೊಹಲ್ಲಾ, ಹಾಸನ.
ಹಗಲು ಆಲೂಗಡ್ಡೆ ಮಂಡಿಯಲ್ಲಿ ತೂಕ ಬರೆಯುತ್ತೇನೆ.
ಹೋದ ಶ್ರಾವಣದಿಂದ ಬಲ ಮಣಿಕಟ್ಟು ಮಾತು ಕೇಳುತ್ತಿಲ್ಲ.
ಡಾಕ್ಟರು, ‘ಕೋಲು ಬಿಡಿ’ ಅಂದರು.
ಜಬೀವುಲ್ಲಾ ಮಾಮು, ‘ಬೆರಳಿದಾವಲ್ಲ’ ಅಂದರು.

ಕಲಿಸಿದವಳು ಅವರ ಮೊಮ್ಮಗಳು ತರನ್ನುಮ್,
ಬಿ.ಕಾಂ. ಎರಡನೇ ವರ್ಷ, ಉಗುರು ಕಚ್ಚುತ್ತಾ:
‘ಆಂಟಿ, ಹೊಡೀಬೇಡಿ, ಒತ್ತಿ. ಇದು ಚರ್ಮ ಅಲ್ಲ.’
ಅದು ನನ್ನ ಕೈಗೆ ತಿಳಿಯಲು ಹದಿನೇಳು ದಿನ.
ಡ್ರಮ್ಮು ಕೊಟ್ಟಷ್ಟನ್ನೂ ತಿರುಗಿಸಿ ಕೊಡುತ್ತದೆ ಕೋಲಿಗೆ.
ಇದು ಇಸಿದುಕೊಂಡು ಸುಮ್ಮನಿರುತ್ತದೆ,
ಸದ್ದು ಏಳುವುದು ಎಲ್ಲೋ ಆಚೆ ಸ್ಪೀಕರಿನಲ್ಲಿ,
ನಮ್ಮ ಬಾಗಿಲು ತಟ್ಟಿದರೆ
ಪಕ್ಕದ ಮನೆಯವರು ಓಗೊಟ್ಟಂತೆ.

ಖಾಲಿ ಮನೆಗೆ ಏನು ತುಂಬಿಸುವುದು?
ಮೂಟೆ ತೂಕದ ಹಲಗೆಗೆ ಬೀಳುವಾಗ ಒಂದು ಧಪ್.
ಅದರ ಬೆನ್ನಿಗೇ ಇನ್ನೊಂದು, ಬಲು ಸಣ್ಣದು:
ಗಡ್ಡೆಗಳು ಒಂದನ್ನೊಂದು ಸರಿಸಿ
ಜಾಗ ಮಾಡಿಕೊಳ್ಳುವುದು.
ಅಷ್ಟು ವರ್ಷ ಪಕ್ಕದಲ್ಲೇ ಕೂತು ಅಂಕಿ ಬರೆದಿದ್ದೆ;
ಮೊಬೈಲಿನಲ್ಲಿ ಹಿಡಿದು, ಇಯರ್‌ಫೋನು ಸಿಕ್ಕಿಸಿಕೊಂಡ ದಿನ ಕೇಳಿಸಿತು.
ಅದು ಒಂದನೇ ಮನೆ.
ಬಾಸ್ ಡ್ರಮ್ಮಿನ ಬೋರಯ್ಯ ವಾರ ಮಾತು ಬಿಟ್ಟ.

ಬಸ್ ಸ್ಟ್ಯಾಂಡಿನಲ್ಲಿ ಅರಕಲಗೂಡು ಬಸ್ಸಿನ ಕಂಡಕ್ಟರು:
‘ಹೋಲ್ಡಾನ್’ ಐದಕ್ಕೆ, ‘ರೈಟ್’ ಆರಕ್ಕೆ.
ಇದು ತರನ್ನುಮ್ ಕಿತಾಪತಿ.

ಹನ್ನೊಂದನ್ನು ಕೊನೆಗೆ ಉಳಿಸಿದ್ದೆ.
ಹಲ್ಲು ಕಟ್ಟಿಸಿಕೊಂಡ ಮೇಲೆ ಮಾಮು ತುಟಿಯಲ್ಲಿ
ಯೂಫೋನಿಯಂ ನಿಲ್ಲುತ್ತಿರಲಿಲ್ಲ.
ಹತ್ತು ಸ್ವರಕ್ಕೆ ಎರಡು ನೆಟ್ಟಗೆ.
ಆ ಎರಡರಲ್ಲಿ ಒಂದನ್ನು ಹಿಡಿದೆ.
ರಾತ್ರಿ ಕೂತು ಎರಡೂ ತುದಿ ಕತ್ತರಿಸಿದೆ,
ಹುರುಳಿಕಾಯಿ ನಾರು ತೆಗೆದ ಹಾಗೆ:
ಮುಂದಿನ ಸರ್ ಎನ್ನುವುದು, ಕೊಳವೆಯ ಎಂಜಲ ಗುಳುಗುಳು,
ಹಿಂದೆ ಅರ್ಧ ಕೆಮ್ಮು.
ಉಳಿದದ್ದು ಬೆಳಗಿಟ್ಟ ತಂಬಿಗೆ.

ಮಾಮು ರೇಷನ್ ಅಂಗಡಿಯಲ್ಲಿ ಒತ್ತುವಂತೆ ಹೆಬ್ಬೆಟ್ಟು ಒತ್ತಿದರು.
ಇನ್ನೊಮ್ಮೆ. ಇನ್ನೊಮ್ಮೆ.
‘ಯಾರದು?’
‘ನಿಮ್ದೇ ಮಾಮು.’
‘ನಂದಲ್ಲ. ಉಸಿರೆಲ್ಲಿ?
ನಾನ್ಯಾವತ್ತು ಉಸಿರು ತಗೊಳ್ದೆ ಊದಿದೀನಿ?’

ಕತ್ತರಿಸಿದ್ದು ಪೆಟ್ಟಿಗೆಯಲ್ಲಿ ಹೋಗಿರುವುದಿಲ್ಲ,
ಗುಂಡಿ ತಿರುಗಿಸಿದರೆ ತಿರುಗಿ ಬರುತ್ತದೆ.
ತಂದೆ. ಉಸಿರು, ಎಂಜಲು, ಕೆಮ್ಮು ಮಾತ್ರ ಬೇಡ ಅಂದರು ಅವರೇ.
ಈಗ ತೊಂದರೆ ನನಗೆ:
ತಾಳ ಬೀಳುವಲ್ಲಿ ಒತ್ತಿದರೆ ಸ್ವರ ತಡ.
ಒಂದು ಉಸಿರಿನಷ್ಟು ಮುಂಚೆ ಒತ್ತಬೇಕು,
ಇನ್ನೂ ಬಾರದ ತಾಳಕ್ಕೆ.
ಅದನ್ನು ಯಾವ ಬಟನ್ನೂ ಕಲಿಸಲಿಲ್ಲ.
ಮಾಮು ಎದೆ ನೋಡಿ ಕಲಿತೆ.

ಸಾಲಗಾಮೆ ರಸ್ತೆಯ ಛತ್ರ, ಮೊದಲ ರಿಸೆಪ್ಷನ್.
ಬೆವರಿದ ಬೆರಳು ಒಂದರ ಬದಲು ಐದಕ್ಕೆ ಜಾರಿ
‘ಹೋಲ್ಡಾನ್!’
ಉಡುಗೊರೆ ಹಿಡಿದ ಸಾಲು ಮೆಟ್ಟಿಲ ಮೇಲೆ ಗಪ್ಪಂತ ನಿಂತಿತು.
ಮದುಮಗಳು ಮದುಮಗನ ಮುಖ ನೋಡಿದಳು.
‘ಆರು ಆಂಟಿ, ಆರು,’ ಬೆನ್ನ ಹಿಂದಿನಿಂದ ತರನ್ನುಮ್.
‘ರೈಟ್!’
ಸಾಲು ಚಲಿಸಿತು. ಬೋರಯ್ಯ ನಕ್ಕ ನಗೆಗೆ
ಅವನ ಡ್ರಮ್ಮೇ ನಡುಗಿತು.

ಆಮೇಲೆ ಹನ್ನೊಂದು.
ಸ್ಪೀಕರಿನಲ್ಲಿ ಉಸಿರು ಒಳಗೆ ಹೋಯಿತು,
ಕುರ್ಚಿಯಲ್ಲಿ ಕೂತ ಮಾಮು ಎದೆಯೂ ಏರಿತು.
ಅವರೂ ಊದಿಬಿಟ್ಟರು. ಒಂದೇ ಸ್ವರ,
ಅವರದು ಕೂದಲೆಳೆಯಷ್ಟು ಕೆಳಗೆ.
ಸರಿಮಾಡಲು ತರನ್ನುಮ್ ಕೈ ಚಾಚಿದಳು. ನಾನು ತಡೆದೆ.

ಬೆಳಿಗ್ಗೆ ಮಂಡಿಯಲ್ಲಿ ಮೂಟೆ ಇನ್ನೂ ಹೆಗಲ ಮೇಲಿತ್ತು,
ನನ್ನ ಬೆರಳು ಆಗಲೇ ಪುಸ್ತಕ ಒತ್ತಿತ್ತು.
‘ಐವತ್ತೆಂಟೂವರೆ,’ ಅಂದ ಹಮಾಲಿ ನಿಂಗಣ್ಣ.
ಬರೆದುಕೊಂಡೆ.