ಎಲೆ ಬೇಡ

ಎಲೆ ಬೇಡ ಅಂದೆ, ಮೊದಲ ದಿನವೇ.
ಬ್ಯಾಂಕಿಗೂ ಎಲೆ, ಸೋಪಿಗೂ ಎಲೆ,
ಪೆಟ್ರೋಲ್ ಬಂಕಿನ ಕಾಫಿ ಲೋಟಕ್ಕೂ ಎಲೆ.
ತಾನೆಲ್ ಮುಖ ಸಣ್ಣದು ಮಾಡಿಕೊಂಡ,
ರಾತ್ರಿಯೆಲ್ಲ ಕೂತು ಹನ್ನೊಂದು ಎಲೆ ಬಿಡಿಸಿದ್ದ ಪಾಪ.

ತಾರ್ತುವಿನಲ್ಲಿ ನವೆಂಬರ್. ನಾಲ್ಕಕ್ಕೇ ಕತ್ತಲೆ.
ಹಾಸ್ಟೆಲಿನ ಅಡುಗೆಮನೆಯ ಮೇಜೇ ಕಚೇರಿ,
ಲ್ಯಾಪ್‌ಟಾಪಿನ ಸಂದಿಯಲ್ಲಿ ರೈ ಬ್ರೆಡ್ಡಿನ ಪುಡಿ.
ಬಂದ ಕೆಲಸಗಳನ್ನು ಜೋರಾಗಿ ಓದುತ್ತೇವೆ:
ಜೌಗಿನ ನೀರಿನ ಮಟ್ಟ ಅಳೆಯಲು ಒಬ್ಬರು,
ಹಳೆ ಕಿಟಕಿಗಳ ಬಿರುಕು ಮುಚ್ಚಲು ಇಬ್ಬರು,
ಬಾವಲಿ ಎಣಿಸಲು ಎಷ್ಟು ಜನವಾದರೂ ಸರಿ,
ನಿದ್ದೆ ಬಾರದವರಿಗೆ ಆದ್ಯತೆ.

ಹಸಿರು ಯಾವುದು?
ತೆರೆಯ ಮೇಲೆ ನಲವತ್ತು ಹಸಿರು, ಒಂದನ್ನೂ ನಂಬಲಾಗದು.
ನಮ್ಮೂರ ಕಡೆ ಬೆಟ್ಟವೆಂದರೆ ಬೂದಿ,
ಎಣ್ಣೆಕಲ್ಲು ಸುಟ್ಟು ಸುರಿದದ್ದು.
ಅದರ ಇಳಿಜಾರಲ್ಲಿ ತಾವಾಗಿ ಎದ್ದ ಬರ್ಚ್ ಸಸಿಗಳ
ಬೂದು ಬೆರೆತ, ಅಳುಕುವ ಹಸಿರನ್ನೇ ಆರಿಸಿದೆ.
ಹೆಸರು 'ಇದು'.
ನಮ್ಮ ನುಡಿಯಲ್ಲಿ ಹಾಗೆಂದರೆ ಮೊಳಕೆ.

ಪುಟ ತೆರೆದ ರಾತ್ರಿ ಅಮ್ಮನ ಫೋನು.
ಗಣಿಯ ಕಚೇರಿಯಲ್ಲಿ ಅವಳಿಗಿನ್ನು ನಾಲ್ಕೇ ತಿಂಗಳು.
"ಬೂದಿಬೆಟ್ಟದಲ್ಲಿ ಸಸಿ ನೆಡುವ ಕೆಲಸ ಇದೆಯಲ್ಲ, ಕೆರ್ತು,
ಹುಟ್ಟಿದ ವರ್ಷ ಕೇಳ್ತಿದೆ.
ಎಷ್ಟು ಎಳೆದರೂ ಎರಡು ಸಾವಿರದ ಹಿಂದಕ್ಕೆ ಹೋಗ್ತಾನೇ ಇಲ್ಲ."

ಆ ಪಟ್ಟಿ ಮಾಡಿದವಳು ನಾನೇ.
ಮೂಲೆಗಳನ್ನು ದುಂಡಗೆ ಮಾಡಿ, ತೆಳ್ಳನೆ ನೆರಳು ಕೊಟ್ಟು,
ಕುರ್ಚಿ ಹಿಂದಕ್ಕೆ ಸರಿಸಿ
ಚೆಂದವಾಯಿತೆಂದು ನೋಡುತ್ತಾ ಕೂತಿದ್ದೆ.